ಬೆನ್ನು ಏಳಬಾರದು: ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆಯುವ ಕ್ರಮ

ಮಡಚುವ ಕ್ಷೌರದ ಕತ್ತಿ, ಅಂದರೆ ಸ್ಟ್ರೇಟ್ ರೇಜರ್, ಕೊಂಡವರಲ್ಲಿ ಬಹಳ ಮಂದಿ ಒಂದೆರಡು ವಾರದಲ್ಲೇ ‘ಹರಿತ ಹೋಯ್ತು’ ಎಂದು ಅದನ್ನು ಸಾಣೆಗೆ ಕಳಿಸುತ್ತಾರೆ. ಕಾರಣ ಹುಡುಕಿದರೆ ಹೆಚ್ಚಾಗಿ ಸಿಗುವುದು ಒಂದೇ. ಕ್ಷೌರಕ್ಕೆ ಮೊದಲು ಕತ್ತಿಯನ್ನು ಎಳೆಯುವ ಚರ್ಮದ ಪಟ್ಟಿಯ ಕೊನೆಯಲ್ಲಿ ಅದನ್ನು ತಿರುಗಿಸುವಾಗ ಬೆನ್ನು, ಅಂದರೆ ಹರಿತವಿಲ್ಲದ ದಪ್ಪ ಅಂಚು, ಮೇಲೆದ್ದು, ಬಾಯಿ, ಅಂದರೆ ಹರಿತವಾದ ಅಂಚು, ಮೊದಲು ಪಟ್ಟಿಯ ಚರ್ಮಕ್ಕೆ ತಾಗಿರುತ್ತದೆ. ಆ ಒಂದು ಅಭ್ಯಾಸ ತಿದ್ದಿಕೊಂಡರೆ, ಚೆನ್ನಾಗಿ ಸಾಣೆ ಹಿಡಿದ ಕತ್ತಿ ದಿನಾ ಗಡ್ಡ ತೆಗೆದರೂ ತಿಂಗಳುಗಟ್ಟಲೆ ಮತ್ತೆ ಕಲ್ಲು ಕೇಳುವುದಿಲ್ಲ.

ಈಗ ನಮ್ಮ ಊರುಗಳ ಸೆಲೂನುಗಳಲ್ಲಿ ಕಾಣುವ, ಅರ್ಧ ಬ್ಲೇಡ್ ಮುರಿದು ಸಿಕ್ಕಿಸುವ ಕತ್ತಿಗೆ ಇಲ್ಲಿ ಹೇಳಿದ್ದು ಯಾವುದೂ ಅನ್ವಯಿಸದು. ಅದರ ಬ್ಲೇಡ್ ಒಬ್ಬರಿಗೆ ಬಳಸಿ ಎಸೆಯುವಂಥದ್ದು, ಪಟ್ಟಿಯ ಕೆಲಸವೇ ಇಲ್ಲ. ಅಲಗೂ ಬಾಯಿಯೂ ಒಂದೇ ಉಕ್ಕಿನಲ್ಲಿರುವ ಕತ್ತಿಗೆ, ಅಂದರೆ ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ಥಿಯೆರ್ ಊರುಗಳಲ್ಲಿ ತಯಾರಾದ ಹಳೆಯ ಹೊಸ ಕತ್ತಿಗಳಿಗೆ, ಈ ಕ್ರಮ. ಅಳತೆ ಹೇಳುವಲ್ಲೆಲ್ಲ ಸಾಮಾನ್ಯವಾಗಿ ಸಿಗುವ 5/8 ಇಂಚು ಅಗಲದ, ಎರಡೂ ಬದಿ ಟೊಳ್ಳಾಗಿ, ಅಂದರೆ ಒಳಕ್ಕೆ ಬಾಗುವಂತೆ, ಕಡೆದ ಕತ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ.

ಪಟ್ಟಿಯಿಂದ ಆಗುವುದೇನು, ಆಗದ್ದೇನು

ಸಾಣೆ ಸರಿಯಾಗಿ ಆದ ಕತ್ತಿಯ ಬಾಯಿಯ ಕೊನೆ ಅರ್ಧ ಮೈಕ್ರಾನಿಗಿಂತಲೂ ತೆಳುವಾಗಿರುತ್ತದೆ. ಒಂದು ಕ್ಷೌರದ ನಂತರ ಆ ತೆಳು ಅಂಚು ಅಲ್ಲಲ್ಲಿ ಆಚೀಚೆ ಓರೆಯಾಗಿರುತ್ತದೆ, ಸೋಪಿನ ಪಸೆ ಅಂಟಿರುತ್ತದೆ, ನೀರು ಸೋಕಿ ಕಣ್ಣಿಗೆ ಕಾಣದಷ್ಟು ತುಕ್ಕು ಶುರುವಾಗಿರುತ್ತದೆ. ಪಟ್ಟಿಯ ಬಟ್ಟೆಯ ಮಗ್ಗುಲು ಪಸೆಯನ್ನೂ ತುಕ್ಕನ್ನೂ ಒರೆಸುತ್ತದೆ. ಚರ್ಮದ ಮಗ್ಗುಲು ಓರೆಯಾದ ಅಂಚನ್ನು ನೆಟ್ಟಗೆ ಮಾಡಿ ನುಣುಪು ಕೊಡುತ್ತದೆ. ಇಷ್ಟೇ ಅದರ ಕೆಲಸ. ಪೇಸ್ಟ್, ಅಂದರೆ ಉಕ್ಕು ಉಜ್ಜುವ ನುಣ್ಣನೆಯ ಪುಡಿಯ ಲೇಪ, ಹಚ್ಚದ ಚರ್ಮ ಉಕ್ಕನ್ನು ಸವೆಸುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಮೊಂಡಾದ ಕತ್ತಿಯನ್ನು ಐನೂರು ಸಲ ಎಳೆದರೂ ಅದು ಹರಿತವಾಗದು.

ಬಾಯಿ ಓರೆಯಾಗುವುದು ಬೇರೆ, ಚೂರು ಎದ್ದುಹೋಗುವುದು ಬೇರೆ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೇಜರ್ ಬ್ಲೇಡಿನ ಅಂಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೇ ಕೂದಲು ಕತ್ತರಿಸಿ ನೋಡಿದ್ದರು. ಕೂದಲಿಗಿಂತ ಉಕ್ಕು ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಬಾಗಿ ಓರೆಯಲ್ಲಿ ಸಿಕ್ಕಾಗ ಅಂಚಿನಿಂದ ಸಣ್ಣ ಚೂರು ಕಿತ್ತುಬರುತ್ತದೆ ಎಂದು ಅವರು ಕಂಡುಕೊಂಡರು. ಅಂಥ ಹಲ್ಲು ಬಿದ್ದ ಬಾಯಿಗೆ ಕಲ್ಲೇ ಬೇಕು, ಪಟ್ಟಿಯಿಂದ ಅದು ತುಂಬಿಕೊಳ್ಳುವುದಿಲ್ಲ.

ಕೋನದ ಲೆಕ್ಕ ನಿಮ್ಮ ತಲೆಗೆ ಬರಬೇಕಾಗಿಲ್ಲ, ಕತ್ತಿಯ ಬೆನ್ನಿನ ದಪ್ಪವೇ ಅದನ್ನು ನಿರ್ಧರಿಸಿದೆ. ಅಲಗು 16 ಮಿ.ಮೀ. ಅಗಲ, ಬೆನ್ನು 4.5 ಮಿ.ಮೀ. ದಪ್ಪ ಇದ್ದರೆ, ಬೆನ್ನೂ ಬಾಯಿಯೂ ಒಟ್ಟಿಗೆ ಚರ್ಮಕ್ಕೆ ಕೂತಾಗ ಬಾಯಿಯ ಕೋನ ಸುಮಾರು 16 ಡಿಗ್ರಿ ಬರುತ್ತದೆ. ಬೆನ್ನು ಎರಡು ಮಿಲಿಮೀಟರ್ ಎದ್ದರೂ ಈ ಲೆಕ್ಕ ಕೆಟ್ಟು, ಬಾಯಿಯ ತುದಿ ಮಾತ್ರ ಚರ್ಮಕ್ಕೆ ಒತ್ತಿಕೊಂಡು ದುಂಡಾಗುತ್ತದೆ.

ಯಾವ ಪಟ್ಟಿ

ತೂಗುಹಾಕುವ ಪಟ್ಟಿಗಳು 2, 2.5 ಮತ್ತು 3 ಇಂಚು ಅಗಲದಲ್ಲಿ ಸಿಗುತ್ತವೆ. ಅಲಗಿನ ಉದ್ದ ಸುಮಾರು 3 ಇಂಚು. ಹಾಗಾಗಿ 3 ಇಂಚಿನ ಪಟ್ಟಿಯಲ್ಲಿ ನೇರವಾಗಿ ಎಳೆದರೆ ಸಾಕು, ಕಡಿಮೆ ಅಗಲದ್ದರಲ್ಲಿ ಓರೆ ಎಳೆತ ಕಲಿಯಬೇಕು. ಎಳೆಯಲು ಸಿಗುವ ಉದ್ದ 16ರಿಂದ 18 ಇಂಚಾದರೂ ಇರಲಿ.

ಚರ್ಮ ಮರದ ತೊಗಟೆಯ ರಸದಲ್ಲಿ ಹದಮಾಡಿದ್ದಾಗಿರಬೇಕು, 3ರಿಂದ 4 ಮಿ.ಮೀ. ದಪ್ಪ ಇರಬೇಕು. ಕ್ರೋಮ್ ಹದದ ಮೆತ್ತನೆಯ ಚರ್ಮ ಎಳೆದಷ್ಟೂ ಹಿಗ್ಗುತ್ತದೆ, ಪಟ್ಟಿಗೆ ಆಗಿಬರುವುದಿಲ್ಲ. ಕುದುರೆ ಜೀನು ಮಾಡುವ ಚರ್ಮ ಒಳ್ಳೆಯದು. ಕಾನ್ಪುರದಲ್ಲಿ ಜೀನಿನ ಕಸುಬು ದೊಡ್ಡದಿರುವುದರಿಂದ ಅಲ್ಲಿಂದ ತರಿಸುವ ವ್ಯಾಪಾರಿಗಳಲ್ಲಿ ವಿಚಾರಿಸಬಹುದು. ಹಳೆಯ ಸೊಂಟದ ಬೆಲ್ಟ್ ಬಳಸುವ ಆಸೆಯಿದ್ದರೆ ಅದರ ಕತ್ತರಿಸಿದ ಅಂಚು ನೋಡಿ. ಪದರ ಪದರವಾಗಿ ಕಂಡರೆ, ಪುಡಿ ಚರ್ಮ ಅಂಟಿಸಿ ಮಾಡಿದ್ದರೆ, ಬೇಡ. ಹೊಲಿಗೆ, ಉಬ್ಬುಚಿತ್ತಾರ ಇರುವ ಬೆಲ್ಟೂ ಬೇಡ.

ಕಲಿಯುವ ಕೈಗೆ ತೂಗುಪಟ್ಟಿಗಿಂತ ಹಲಗೆ ಪಟ್ಟಿ ಕ್ಷೇಮ ಎಂಬುದು ನಮ್ಮ ಅಭಿಪ್ರಾಯ. 12 ಇಂಚು ಉದ್ದ, 3 ಇಂಚು ಅಗಲದ ಸಪಾಟಾದ ಮರದ ಹಲಗೆಗೆ ಅದೇ ಅಳತೆಯ ಚರ್ಮವನ್ನು ನುಣುಪು ಮಗ್ಗುಲು ಮೇಲೆ ಬರುವಂತೆ, ಚಪ್ಪಲಿ ಹೊಲಿಯುವವರು ಬಳಸುವ ಅಂಟಿನಿಂದ ಅಂಟಿಸಿ, ಮೇಲೆ ಭಾರವಿಟ್ಟು ಒಂದು ರಾತ್ರಿ ಬಿಡಿ. ಅಂಟಿನ ಗಂಟು ಉಳಿದರೆ ಅಲ್ಲಿ ಚರ್ಮ ಉಬ್ಬಿ ಬಾಯಿಗೆ ತಗುಲುತ್ತದೆ, ಆದ್ದರಿಂದ ತೆಳುವಾಗಿ ಸವರಿ. ಹಲಗೆ ಜೋಲುವುದಿಲ್ಲ, ಹಾಗಾಗಿ ಬಿಗಿ ಹಿಡಿಯುವ ಚಿಂತೆಯಿಲ್ಲ. ಕೈ ಕೂತ ಮೇಲೆ ತೂಗುಪಟ್ಟಿಗೆ ಹೋಗಬಹುದು.

ಬಟ್ಟೆಯ ಪಟ್ಟಿಗೆ ಲಿನನ್ ಶ್ರೇಷ್ಠ, ದಪ್ಪ ಹತ್ತಿ ಕ್ಯಾನ್ವಾಸ್ ಸಾಕು. ಹಳೆಯ ಜೀನ್ಸ್ ಪ್ಯಾಂಟಿನ ತೊಡೆ ಭಾಗವನ್ನು ಹೊಲಿಗೆ ಬಾರದಂತೆ ಕತ್ತರಿಸಿ, ತೊಳೆದು ಇಸ್ತ್ರಿ ಮಾಡಿಕೊಂಡರೂ ನಡೆಯುತ್ತದೆ.

ಹೊಸ ಚರ್ಮ ಬಿರುಸಾಗಿ ಜಾರುತ್ತದೆ. ಒಂದು ವಾರ ದಿನಕ್ಕೆ ಐದು ನಿಮಿಷ ಒಣ ಅಂಗೈಯಿಂದ ಬಿಸಿಯಾಗುವಷ್ಟು ತಿಕ್ಕಿ. ಅಂಗೈಯ ಜಿಡ್ಡೇ ಅದಕ್ಕೆ ಬೇಕಾದ ಎಣ್ಣೆ. ಬಾಟಲಿಯಿಂದ ಎಣ್ಣೆ ಸುರಿದು ನೆನೆಸಿದರೆ ಚರ್ಮ ಮೆತ್ತಗಾಗಿ ಹಿಗ್ಗುತ್ತದೆ, ಮತ್ತೆ ಬಿಗಿಗೆ ಬರುವುದಿಲ್ಲ.

ಹಿಡಿಯುವುದು ಹೇಗೆ

ತೂಗುಪಟ್ಟಿಯ ಕೊಕ್ಕೆ ನಿಮ್ಮ ಹೊಕ್ಕುಳಿನ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಇರಲಿ. ಬಾಗಿಲ ಹಿಡಿಗೆ ಸಿಕ್ಕಿಸುವವರಿದ್ದಾರೆ. ಯಾರೂ ಆ ಬಾಗಿಲು ತೆರೆಯದಂತೆ ನೋಡಿಕೊಳ್ಳಿ. ಎಡಗೈಯಲ್ಲಿ ಪಟ್ಟಿಯ ತುದಿ ಹಿಡಿದು ನೆಲಕ್ಕೆ ಸಮಾನಾಂತರವಾಗಿ ಬಿಗಿಯಾಗಿ ಎಳೆಯಿರಿ. ಕತ್ತಿ ಇಟ್ಟಾಗ ಪಟ್ಟಿ ಕಾಲು ಇಂಚಿಗಿಂತ ಹೆಚ್ಚು ತಗ್ಗಬಾರದು. ಜೋತರೆ ಚರ್ಮ ಬಾಯಿಯ ಹಿಂದಿನಿಂದ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಅಂಚು ದುಂಡಾಗುವುದು ಹೀಗೇ.

ಕತ್ತಿಯನ್ನು ಪೂರ್ತಿ ಬಿಚ್ಚಿ ಹಿಡಿಯನ್ನೂ ಅಲಗನ್ನೂ ಒಂದೇ ಗೆರೆಗೆ ತನ್ನಿ. ಅಲಗಿಗೂ ಹಿಡಿಗೂ ನಡುವಿನ ಕತ್ತಿನ ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ, ಉಳಿದ ಬೆರಳು ಸಡಿಲವಾಗಿ ಹಿಡಿಯ ಸುತ್ತ. ಪಟ್ಟಿಗೆ ಹೋಗುವ ಮೊದಲೇ ಗಾಳಿಯಲ್ಲಿ ಈ ಎರಡು ಬೆರಳಿನಿಂದಲೇ ಕತ್ತಿಯನ್ನು ಹೊರಳಿಸಿ ನೋಡಿ. ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ. ಮಣಿಕಟ್ಟು ಅಲುಗಬಾರದು. ಮಣಿಕಟ್ಟಿನಿಂದ ತಿರುಗಿಸುವವರ ಕೈಯಲ್ಲಿ ಕತ್ತಿಯ ಬುಡ ಅಥವಾ ತುದಿ ಏಳದೆ ಇರುವುದಿಲ್ಲ. ಮೊದಲ ಕೆಲವು ದಿನ ಬಾಯಿಗೆ ಉದ್ದಕ್ಕೂ ಸೆಲ್ಲೋಟೇಪ್ ಮಡಚಿ ಅಂಟಿಸಿಯೋ, ಅಡುಗೆಮನೆಯ ಬೆಣ್ಣೆ ಚಾಕುವಿನಲ್ಲೋ ಅಭ್ಯಾಸ ಮಾಡಿದರೆ ಚರ್ಮವೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.

ಎಳೆತ

ಬೆನ್ನು ಮುಂದೆ, ಬಾಯಿ ಹಿಂದೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗುತ್ತದೆ, ಚರ್ಮದ ಮೇಲೆ ಅದಕ್ಕೆ ತದ್ವಿರುದ್ಧ. ಇದು ಅದಲುಬದಲಾದರೆ ಪಟ್ಟಿ ಎರಡು ತುಂಡು.

ಪಟ್ಟಿಯ ಹತ್ತಿರದ ತುದಿಯಿಂದ ಎರಡು ಇಂಚು ಬಿಟ್ಟು ಕತ್ತಿಯ ಬೆನ್ನನ್ನು ಮೊದಲು ಚರ್ಮಕ್ಕೆ ಇಡಿ, ಆಮೇಲೆ ಬಾಯಿಯನ್ನು ಮೆಲ್ಲಗೆ ಇಳಿಸಿ. ಈಗ ಬಾಯಿ ನಿಮ್ಮ ಕಡೆ, ಬೆನ್ನು ಆಚೆ ಕಡೆ ಇರುತ್ತದೆ. ತೋಳನ್ನು ಮೊಣಕೈಯಿಂದ ಚಾಚುತ್ತ ಕತ್ತಿಯನ್ನು ಆಚೆಗೆ ತಳ್ಳಿ. ಕೊಕ್ಕೆಗೆ ಎರಡು ಇಂಚು ಇರುವಾಗ ಪೂರ್ತಿ ನಿಲ್ಲಿಸಿ. ನಿಲ್ಲಿಸಿದ ಮೇಲೆ, ಬೆನ್ನು ಚರ್ಮಕ್ಕೆ ಅಂಟಿಕೊಂಡಿರುವಂತೆಯೇ, ಎರಡು ಬೆರಳಿನಿಂದ ಕತ್ತಿಯನ್ನು ಹೊರಳಿಸಿ. ಬಾಯಿ ಮೇಲೆದ್ದು, ಆಕಾಶ ನೋಡಿ, ಆಚೆ ಬದಿಗೆ ಬಂದು ಚರ್ಮಕ್ಕೆ ಇಳಿಯುತ್ತದೆ. ಈಗ ಬೆನ್ನು ನಿಮ್ಮ ಕಡೆ. ಈಚೆಗೆ ಎಳೆಯಿರಿ, ಎರಡು ಇಂಚು ಬಿಟ್ಟು ನಿಲ್ಲಿಸಿ, ಮತ್ತೆ ಬೆನ್ನಿನ ಮೇಲೆ ಹೊರಳಿಸಿ. ಹೋಗಿ ಬಂದರೆ ಒಂದು ಸುತ್ತು.

ನಿಲ್ಲಿಸು, ಹೊರಳಿಸು, ಹೊರಡು. ಈ ಮೂರನ್ನು ಬೇರೆ ಬೇರೆಯಾಗಿಯೇ ಮಾಡಿ. ಪಳಗಿದ ಕ್ಷೌರಿಕರ ಕೈಯಲ್ಲಿ ಇವು ಒಂದರೊಳಗೊಂದು ಬೆರೆತು ಪಟಪಟನೆ ಸಾಗುವುದನ್ನು ನೋಡಿ ಅದೇ ವೇಗಕ್ಕೆ ಹೋದ ಹೊಸಬರ ಪಟ್ಟಿಯನ್ನು ಗುರುತಿಸುವುದು ಸುಲಭ. ಎರಡೂ ತುದಿಯಲ್ಲಿ ಅರ್ಧಚಂದ್ರದ ಗಾಯಗಳಿರುತ್ತವೆ. ಒಂದು ಸುತ್ತಿಗೆ ಎರಡು ಸೆಕೆಂಡು ತೆಗೆದುಕೊಂಡರೂ ಬಾಯಿಗೆ ಆಗುವ ಪ್ರಯೋಜನ ಅಷ್ಟೇ. ವೇಗ ಬೇಕಾದರೆ ತಾನಾಗಿ ಬರುತ್ತದೆ.

ಒತ್ತಡದ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಕತ್ತಿಯ ಭಾರ ಸುಮಾರು 50 ಗ್ರಾಂ. ಆ ಭಾರಕ್ಕೆ ನೀವು ಸೇರಿಸಬೇಕಾದ್ದು ಕತ್ತಿ ಮೇಲೇಳದಂತೆ ತಡೆಯುವಷ್ಟು ಮಾತ್ರ, ಅದೂ ಬೆನ್ನಿನ ಮೇಲೆ. ಬಾಯಿಯ ಮೇಲೆ ಬೆರಳ ಒತ್ತು ಬೀಳಲೇಬಾರದು. ಸರಿಯಾಗಿ ಹೋಗುತ್ತಿದ್ದರೆ ಚರ್ಮ ಕತ್ತಿಯನ್ನು ಸಣ್ಣಗೆ ಹಿಡಿದು ಬಿಟ್ಟಂತೆ ಕೈಗೆ ತಿಳಿಯುತ್ತದೆ, ಸದ್ದು ಒಂದೇ ಸಮ ಇರುತ್ತದೆ. ಟೊಳ್ಳು ಅಲಗಾದರೆ ಸಣ್ಣ ನಾದವೂ ಬರುತ್ತದೆ. ಹೋಗುವಾಗ ಒಂದು ಸದ್ದು, ಬರುವಾಗ ಇನ್ನೊಂದು ಸದ್ದು ಕೇಳಿದರೆ ಒಂದು ಬದಿಗೆ ಹೆಚ್ಚು ಒತ್ತುತ್ತಿದ್ದೀರಿ, ಇಲ್ಲವೇ ಒಂದು ಬದಿಯಲ್ಲಿ ಬೆನ್ನು ಎದ್ದಿದೆ. ಶೆಫೀಲ್ಡಿನ ಹಳೆಯ ದಪ್ಪ ಅಲಗಿನ ಕತ್ತಿಗಳು ಭಾರ ಹೆಚ್ಚು, ಈ ನಾದ ಅವುಗಳಲ್ಲಿ ಕೇಳುವುದಿಲ್ಲ, ತಪ್ಪು ಒತ್ತಡವನ್ನು ಸ್ವಲ್ಪ ಹೆಚ್ಚು ಸಹಿಸುತ್ತವೆ.

ಕಡಿಮೆ ಅಗಲದ ಪಟ್ಟಿಯಲ್ಲಿ ಓರೆ ಎಳೆತ: ಹೊರಡುವಾಗ ಕತ್ತಿಯ ಬುಡದ ಭಾಗ ಚರ್ಮದ ಮೇಲಿರಲಿ, ತುದಿ ಎಡಕ್ಕೆ ಹೊರಗೆ ಚಾಚಿರಲಿ. ಆಚೆಗೆ ಹೋಗುತ್ತ ಕತ್ತಿಯನ್ನು ಬಲಕ್ಕೆ ಸರಿಸುತ್ತ ಬನ್ನಿ, ಮುಗಿಯುವಾಗ ತುದಿಯ ಭಾಗ ಚರ್ಮದ ಮೇಲಿರಬೇಕು. ಹೊರಳಿಸಿ, ಬುಡವನ್ನು ಮತ್ತೆ ಒಳಕ್ಕೆ ತಂದು, ಬರುವಾಗಲೂ ಹಾಗೆಯೇ. ಬಾಯಿ ನೇರವಾಗಿರದೆ ಬಿಲ್ಲಿನಂತೆ ಬಾಗಿರುವ ಹಳೆಯ ಕತ್ತಿಗೆ 3 ಇಂಚಿನ ಪಟ್ಟಿಯಲ್ಲೂ ಓರೆ ಎಳೆತವೇ ಬೇಕು. ನೇರ ಎಳೆದರೆ ನಡುಭಾಗಕ್ಕೆ ಮಾತ್ರ ಚರ್ಮ ತಗುಲುತ್ತದೆ.

ಎಷ್ಟು ಸುತ್ತು

ಕ್ಷೌರಕ್ಕೆ ಮೊದಲು ಬಟ್ಟೆಯ ಮೇಲೆ 20ರಿಂದ 30 ಸುತ್ತು, ನಂತರ ಚರ್ಮದ ಮೇಲೆ 40ರಿಂದ 60. ಕಲ್ಲಿನಿಂದ ಈಗತಾನೇ ಬಂದ ಕತ್ತಿಯಾದರೆ ಚರ್ಮದ ಮೇಲೆ ಇನ್ನೂ 20, 30 ಹೆಚ್ಚು ಎಳೆದರೆ ಚೆನ್ನ. ಬಟ್ಟೆ ಮೊದಲು, ಚರ್ಮ ಆಮೇಲೆ. ತಿರುವುಮುರುವು ಮಾಡಿದರೆ ಕೊಳೆ ಚರ್ಮಕ್ಕೆ ಹತ್ತುತ್ತದೆ. ನೂರು ಸುತ್ತು ಒಳ್ಳೆಯದಾದರೆ ಇನ್ನೂರು ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಸುತ್ತು ಹೆಚ್ಚಿದಷ್ಟೂ ಗಮನ ತಪ್ಪುತ್ತದೆ, ತಪ್ಪಿದ ಒಂದೇ ಹೊರಳಿಕೆ ಹಿಂದಿನ ಅಷ್ಟನ್ನೂ ಕೆಡಿಸುತ್ತದೆ.

ಕ್ಷೌರ ಮುಗಿದ ಮೇಲೆ ಕತ್ತಿಯನ್ನು ಬಿಸಿನೀರಿನಲ್ಲಿ ಜಾಲಿಸಿ, ಮೆತ್ತನೆಯ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಒಣಗಿದ ಮೇಲೆ ಬಟ್ಟೆಯ ಪಟ್ಟಿಗೆ ಹತ್ತು ಸುತ್ತು ಕೊಡಿ. ಒದ್ದೆ ಕತ್ತಿ ಚರ್ಮಕ್ಕೆ ಹೋಗಕೂಡದು. ಕತ್ತಿಗೆ ಒಂದು ದಿನ ವಿಶ್ರಾಂತಿ ಕೊಟ್ಟರೆ ಬಾಯಿ ತಾನಾಗಿ ನೆಟ್ಟಗಾಗುತ್ತದೆ ಎಂಬ ಹಳೆಯ ನಂಬಿಕೆಯಿಂದ 19ನೇ ಶತಮಾನದಲ್ಲಿ ವಾರದ ಏಳು ದಿನಕ್ಕೆ ಏಳು ಕತ್ತಿಗಳ ಪೆಟ್ಟಿಗೆಗಳು ಮಾರಾಟವಾಗುತ್ತಿದ್ದವು. ಪಟ್ಟಿ ಸರಿಯಾಗಿ ಬಳಸಿದರೆ ಒಂದೇ ಕತ್ತಿ ದಿನಾ ಸಾಕು.

ಸರಿಯಾಯಿತೆಂದು ತಿಳಿಯುವುದು

ಕೊನೆಯ ತೀರ್ಪು ಕೆನ್ನೆಯದೇ. ಅದಕ್ಕೂ ಮೊದಲು ಕತ್ತಿಯನ್ನು ಬಲ್ಬಿನ ಕೆಳಗೆ ಬಾಯಿ ಮೇಲಾಗಿ ಹಿಡಿದು, ಮೆಲ್ಲಗೆ ಆಚೀಚೆ ವಾಲಿಸಿ ನೋಡಿ. ಹರಿತವಾದ ಬಾಯಿಯಲ್ಲಿ ಬೆಳಕು ನಿಲ್ಲಲು ಜಾಗವಿಲ್ಲ, ಏನೂ ಹೊಳೆಯುವುದಿಲ್ಲ. ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಅಲ್ಲಿ ಬಾಯಿ ದುಂಡಾಗಿದೆ ಅಥವಾ ಮಡಚಿಕೊಂಡಿದೆ, ಒಂದೇ ಚುಕ್ಕೆ ಮಿನುಗಿದರೆ ಅಲ್ಲಿ ಹಲ್ಲು ಬಿದ್ದಿದೆ. ಮುಂಗೈ ಕೂದಲಿಗೆ ಚರ್ಮದಿಂದ ಅರ್ಧ ಸೆಂಟಿಮೀಟರ್ ಮೇಲೆ ಬಾಯಿ ತಾಗಿಸಿ, ತುದಿ, ನಡು, ಬುಡ ಮೂರೂ ಕಡೆ ಒಂದೇ ರೀತಿ ಕತ್ತರಿಸುತ್ತದೆಯೇ ನೋಡುವುದು ಇನ್ನೊಂದು ದಾರಿ. ಹೆಬ್ಬೆರಳ ಉಗುರಿನ ಮೇಲೆ ಬಾಯಿ ಎಳೆದು ನೋಡುವ ಅಭ್ಯಾಸ ಬೇಡ. ಪಟ್ಟಿ ಕೊಟ್ಟದ್ದನ್ನು ಉಗುರು ಕಿತ್ತುಕೊಳ್ಳುತ್ತದೆ.

ಕೆಟ್ಟಾಗ

ನಡುವೆ ಹರಿತ, ತುದಿಯಲ್ಲಿ ಕೂದಲನ್ನು ಎಳೆಯುತ್ತದೆ ಎಂದಾದರೆ ಓರೆ ಎಳೆತ ಅರ್ಧಕ್ಕೇ ನಿಂತಿದೆ, ಅಥವಾ ಎಡಗೈ ಪಟ್ಟಿಯನ್ನು ಒಂದು ಪಕ್ಕಕ್ಕೆ ತಿರುಚಿ ಹಿಡಿದಿದೆ. ತೋರುಬೆರಳು ಹಾಗೂ ನಡುಬೆರಳನ್ನು ಪಟ್ಟಿಯ ಕೆಳಗೆ ಚಪ್ಪಟೆಯಾಗಿ ಕೊಟ್ಟು, ಮೇಲೆ ಹೆಬ್ಬೆರಳಿಟ್ಟು ಹಿಡಿದರೆ ತಿರುಚು ನಿಲ್ಲುತ್ತದೆ.

ಸಾಣೆಯಿಂದ ಬಂದ ದಿನ ಚೆನ್ನಾಗಿದ್ದು ಮೂರನೆಯ ಕ್ಷೌರಕ್ಕೇ ಕೆನ್ನೆ ಉರಿದರೆ ಸಂಶಯವೇ ಬೇಡ, ಪಟ್ಟಿ ಜೋಲುತ್ತಿದೆ ಅಥವಾ ಹೊರಳಿಸುವಾಗ ಬೆನ್ನು ಏಳುತ್ತಿದೆ. ಎರಡು ದಿನ ಹಲಗೆ ಪಟ್ಟಿಯಲ್ಲಿ ನಿಧಾನವಾಗಿ ಎಳೆದು ನೋಡಿ. ಸುಧಾರಿಸಿದರೆ ದೋಷ ಕೈಯಲ್ಲಿತ್ತು. ಸುಧಾರಿಸದಿದ್ದರೆ ಬಾಯಿ ಆಗಲೇ ದುಂಡಾಗಿದೆ, ನುಣುಪಿನ ಕಲ್ಲು, ಅಂದರೆ 12,000 ಗ್ರಿಟ್‌ನಂಥದ್ದು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು), ಬೇಕು.

ಚರ್ಮಕ್ಕೆ ಗಾಯವಾದರೆ ಹಾಗೇ ಬಿಡಬೇಡಿ, ಎದ್ದ ಸಿಪ್ಪೆ ಪ್ರತಿ ಎಳೆತಕ್ಕೂ ಬಾಯಿಗೆ ಬಡಿಯುತ್ತದೆ. ಅಂಚಿನ ಸಣ್ಣ ಗಾಯವನ್ನು 400 ನಂಬರಿನ ಮರಳು ಕಾಗದ ಸುತ್ತಿದ ಮರದ ತುಂಡಿನಿಂದ ಸಮ ಮಾಡಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಪೂರ್ತಿ ತೆಗೆದು, ಒಣಗಿಸಿ, ಮತ್ತೆ ಅಂಗೈ ತಿಕ್ಕಿ. ಕಾಗದದ ಒಂದು ಕಣ ಉಳಿದರೂ ಬಾಯಿಗೆ ಹಲ್ಲು ಬೀಳುತ್ತದೆ. ನಡುವೆ ಆಳವಾದ ಸೀಳಿದ್ದರೆ ಸಿಪ್ಪೆಯ ಕೆಳಗೆ ಅಂಟು ಸವರಿ ಒತ್ತಿ ಒಣಗಿಸಿ, ಆಮೇಲೆ ಉಜ್ಜಿ ಸಮ ಮಾಡಬೇಕು. ಅರ್ಧ ದಪ್ಪಕ್ಕಿಂತ ಆಳ ಹೋಗಿದ್ದರೆ ಚರ್ಮ ಬದಲಿಸಿ.

ಪೇಸ್ಟ್

ದಿನದ ಪಟ್ಟಿಗೆ ಪೇಸ್ಟ್ ಹಚ್ಚಬಾರದು. ಒಮ್ಮೆ ಹಚ್ಚಿದರೆ ಅದು ಚರ್ಮದಿಂದ ಪೂರ್ತಿ ಹೋಗುವುದಿಲ್ಲ. ಆಮೇಲೆ ಪ್ರತಿದಿನವೂ ಉಕ್ಕು ಸವೆಯುತ್ತ, ಬಾಯಿ ನಿಧಾನವಾಗಿ ಉಬ್ಬಿಕೊಳ್ಳುತ್ತ ಹೋಗುತ್ತದೆ. ಬೇರೆ ಹಲಗೆ ಪಟ್ಟಿ ಮಾಡಿಟ್ಟುಕೊಂಡು, ಅದಕ್ಕೆ 0.5 ಮೈಕ್ರಾನಿನ ಹಸಿರು ಕ್ರೋಮಿಯಂ ಆಕ್ಸೈಡ್ ಅನ್ನು ಕಡಲೆಕಾಳಿನಷ್ಟು ತೆಗೆದು ತೆಳುವಾಗಿ ಹರಡಿ, ಕ್ಷೌರದಲ್ಲಿ ಕತ್ತಿ ಕೂದಲನ್ನು ಎಳೆಯತೊಡಗಿದಾಗ ಮಾತ್ರ 5ರಿಂದ 10 ಸುತ್ತು ಕೊಡಿ. ನಂತರ ಕತ್ತಿ ಒರೆಸಿ, ಬಟ್ಟೆ, ಆಮೇಲೆ ಶುದ್ಧ ಚರ್ಮ. ಲೋಹಕ್ಕೆ ಪಾಲಿಶ್ ಹಾಕುವ ಅಂಗಡಿಯ ಹಸಿರು ಬಾರ್ ನೋಡಲು ಅದರಂತೆಯೇ ಇದ್ದರೂ ಅದರಲ್ಲಿ ದಪ್ಪ ಕಣ, ಬೇರೆ ಪುಡಿ ಬೆರೆತಿರಬಹುದು. ಸ್ಟೀಲ್ ಪಾತ್ರೆಗೆ ಅದು ಸರಿ, ಕೆನ್ನೆಗೆ ಮುಟ್ಟುವ ಬಾಯಿಗೆ ಅಲ್ಲ. ಈ ಸುತ್ತುಗಳಿಗೂ ಕತ್ತಿ ಸರಿಹೋಗದಿದ್ದರೆ ಕಲ್ಲಿಗೆ ಸಮಯವಾಯಿತೆಂದು ತಿಳಿಯಿರಿ.

ಕಾಪಾಡುವುದು

ಪಟ್ಟಿಯನ್ನು ಬಚ್ಚಲಲ್ಲಿ ತೂಗುಹಾಕಬೇಡಿ. ಧೂಳು ಕೂರುವ ಕಿಟಕಿಯ ಹತ್ತಿರವೂ ಬೇಡ. ಪ್ರತಿ ಸಲ ಬಳಸುವ ಮೊದಲು ಒಣ ಅಂಗೈಯನ್ನು ಮೇಲಿಂದ ಕೆಳಗೆ ನಾಲ್ಕೈದು ಸಲ ಎಳೆಯಿರಿ. ಧೂಳಿನ ಕಣವಿದ್ದರೆ ಕೈಗೆ ಸಿಗುತ್ತದೆ, ಚರ್ಮಕ್ಕೆ ಬೇಕಾದ ಜಿಡ್ಡೂ ಆಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಕಂಡ ಕೂಡಲೇ ಮನೆಯ ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಗಾಳಿಗೆ ಹಾಕಿ. ಬಿಸಿಲಿಗೋ ಒಲೆಯ ಮೇಲಕ್ಕೋ ಇಟ್ಟರೆ ಸೆಟೆದು ಬಿರುಕು ಬಿಡುತ್ತದೆ. ಚರ್ಮ ತೀರಾ ಒಣಗಿ ಕತ್ತಿ ಜಾರತೊಡಗಿದರೆ ವರ್ಷಕ್ಕೆ ಒಂದೆರಡು ಸಲ ನೀಟ್ಸ್‌ಫುಟ್ ಎಣ್ಣೆಯ (ದನದ ಕಾಲಿನ ಮೂಳೆಯಿಂದ ತೆಗೆದ, ಚರ್ಮಕ್ಕೆ ಹಚ್ಚುವ ಎಣ್ಣೆ) ಮೂರು ನಾಲ್ಕು ಹನಿಯನ್ನು ಅಂಗೈಗೆ ಹಾಕಿಕೊಂಡು ತಿಕ್ಕಿ, ಒಂದು ದಿನ ಬಿಟ್ಟು ಬಳಸಿ.

ಕಾರ್ಬನ್ ಉಕ್ಕಿನ ಕತ್ತಿ ಮಳೆಗಾಲದಲ್ಲಿ ಒಂದೇ ರಾತ್ರಿಗೆ ಚುಕ್ಕೆ ಹಿಡಿಯಬಲ್ಲದು. ಎರಡು ದಿನಕ್ಕಿಂತ ಹೆಚ್ಚು ಬಳಸದೆ ಇಡುವುದಾದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಒಂದು ಹನಿ ಹಾಕಿ ಅಲಗಿಗೆ ಸವರಿ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚಿದರೆ, 24 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದು ಗಟ್ಟಿಯಾಗಿ ಕತ್ತಿಯ ಕೀಲಿನಲ್ಲಿ ಕೂರುತ್ತದೆ. ಮತ್ತೆ ಬಳಸುವಾಗ ಮೊದಲು ಎಣ್ಣೆಯನ್ನು ಕಾಗದದ ಕರವಸ್ತ್ರದಲ್ಲಿ ಪೂರ್ತಿ ಒರೆಸಿ, ಬಟ್ಟೆಯ ಪಟ್ಟಿಯಲ್ಲಿ ಇಪ್ಪತ್ತು ಸುತ್ತು ಎಳೆದು, ಆಮೇಲಷ್ಟೇ ಚರ್ಮಕ್ಕೆ ತನ್ನಿ.